ನೂಲಿಲ್ಲದ ಲಾಳಿ

ನನಗೆ ದೆವ್ವ-ಗಿವ್ವದಲ್ಲಿ ನಂಬಿಕೆಯಿಲ್ಲ. ಹೀಗೆಂದು ಶುರು ಮಾಡುವವರನ್ನು ಕಂಡರೆ ನನಗೇ ಮೈ ಉರಿಯುತ್ತದೆ, ಆದರೂ ಹೇಳಿಬಿಡುತ್ತೇನೆ. ನನ್ನ ಹೆಸರು ರಮಾ. ತಿಂಗಳು ತುಂಬುವ ಬಹಳ ಮೊದಲೇ ಹುಟ್ಟಿದ ಮಕ್ಕಳು ಹೇಗೆ ಬೆಳೆಯುತ್ತವೆ ಎಂದು ಒಂದು ಸಂಶೋಧನೆ ನಡೆಯುತ್ತಿದೆ. ಸೇಲಂ, ಧರ್ಮಪುರಿ ಎರಡೂ ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ ಮಗುವಿನ ತೂಕ, ತಲೆಯ ಸುತ್ತಳತೆ, ಉಸಿರು ಎಲ್ಲ ಬರೆದುಕೊಂಡು ಬರುವುದು ನನ್ನ ಕೆಲಸ. ಬರೆದದ್ದರಲ್ಲಿ ಒಂದೇ ಒಂದು ಹಾಳೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಅದು ಚಿನ್ನತಾಯಿಯವರ ಮನೆಯದು.

ಚಿನ್ನತಾಯಿ ಸೇಲಂನ ನೇಕಾರರ ಬೀದಿಯವರು. ಹದಿನಾರಕ್ಕೆ ಮದುವೆಯಾಗಿ ಬಂದು ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವರು, ಗಂಡ ಹೋದ ಮೇಲೂ, ಅರವತ್ಮೂರಾದರೂ ಎದ್ದಿರಲಿಲ್ಲ. ಮಾತು ಕಡಿಮೆ, ಆಡಿದರೆ ಕನ್ನಡದಲ್ಲಿ ಶುರುವಾಗಿ ತಮಿಳಿನಲ್ಲಿ ಮುಗಿಯುತ್ತಿತ್ತು, ನನ್ನನ್ನು ಮುದ್ದಿನಿಂದ 'ಕಣ್ಣು' ಎಂದೇ ಕರೆಯುತ್ತಿದ್ದರು. ಮಗಳು ಶರಣ್ಯಳಿಗೆ ಇಪ್ಪತ್ತೆಂಟನೇ ವಾರಕ್ಕೇ ಹೆರಿಗೆಯಾಯಿತು. ಹೆಣ್ಣು ಕೂಸು, ಒಂದು ಕೆಜಿಗೂ ಕಡಿಮೆ. ಎಂಟು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಅಜ್ಜಿಯ ಮನೆಗೆ ಬಂತು. ಬಂದ ಮೇಲೂ ನಿದ್ದೆಯಲ್ಲಿ ಆಗಾಗ ಉಸಿರು ಮರೆತುಬಿಡುತ್ತಿತ್ತು.

ನಾನು ಮೊದಲ ಸಲ ಹೋದಾಗ ಸೀರೆಯ ಜೋಲಿಯಲ್ಲಿ ಕೂಸು ಮಲಗಿತ್ತು. ಜೋಲಿ ಕಟ್ಟಿದ್ದ ತೊಲೆಯೇ ಗೋಡೆಯಾಚೆ ಮಗ್ಗವನ್ನೂ ಹೊತ್ತಿತ್ತು. ಅಜ್ಜಿ ನೂಲು ಬಿಗಿಮಾಡುವ ಹಲಗೆ ಬಡಿದಾಗಲೆಲ್ಲ ಜೋಲಿ ಒಂದಿಷ್ಟು ಅದುರುತ್ತಿತ್ತು.

"ಇದೇನವ್ವಾ ಇದು, ಕೂಸನ್ನ ಮಗ್ಗಕ್ಕೆ ಕಟ್ಟಿದೀರಾ?" ಎಂದು ರೇಗಿದೆ. ಜೋಲಿ ಬಿಚ್ಚಿಸಿ, ಮಗ್ಗ ನಿಲ್ಲಿಸಿ, ಮಗುವನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿದೆ. ಕಾಲು ಗಂಟೆಯೂ ಆಗಿರಲಿಲ್ಲ, ಉಸಿರು ನಿಂತರೆ ಎಚ್ಚರಿಸಲೆಂದು ಕೂಸಿನ ಕಾಲಿಗೆ ಕಟ್ಟಿದ್ದ ಯಂತ್ರ ಚೀರಿಕೊಂಡಿತು. ತುಟಿ ನೀಲಿ. ಅಂಗಾಲು ತಟ್ಟಿದೆ, ಮತ್ತೆ ತಟ್ಟಿದೆ, ಊಹೂಂ. ಅಷ್ಟರಲ್ಲಿ ಚಿನ್ನತಾಯಿ ಒಳಗೆ ಹೋಗಿ ಹಲಗೆ ಬಡಿದರು, ನೆಲ ಅದುರಿ ಮಗ್ಗ 'ಟಕ್' ಎಂದಿತು. ಕೂಸು ಉಸಿರೆಳೆದುಕೊಂಡಿತು.

ಡಾಕ್ಟರಿಗೆ ಹೇಳಿದರೆ, "ಅದರಲ್ಲೇನಿದೆ, ಅಲುಗಾಟ ತಾಗಿದರೆ ಇಂಥ ಮಕ್ಕಳಿಗೆ ಉಸಿರು ನೆನಪಾಗುತ್ತೆ. ಯಂತ್ರ ಕಾಲಲ್ಲಿರಲಿ, ಪಕ್ಕದಲ್ಲಿ ಒಬ್ಬರಿರಲಿ. ತಿಂಗಳು ತುಂಬಿದರೆ ತಾನೇ ಸರಿಹೋಗುತ್ತೆ" ಎಂದರು. ನಾನೇ ಜೋಲಿ ಮತ್ತೆ ಕಟ್ಟಿದೆ. ನಾಚಿಕೆಯಾಗಿತ್ತು.

ಇಂಥ ಮಕ್ಕಳ ವಯಸ್ಸನ್ನು ನಾವು ಹುಟ್ಟಿದ ದಿನದಿಂದಲ್ಲ, ಹೆರಿಗೆ ಆಗಬೇಕಿದ್ದ ದಿನದಿಂದ ಎಣಿಸುತ್ತೇವೆ. ಅದನ್ನು ವಿವರಿಸಿದಾಗ ಚಿನ್ನತಾಯಿ ಕೇಳಿದರು:

"ಅಂದ್ರೆ ಇದು ಇನ್ನೂ ಉಟ್ಟೇ ಇಲ್ಲ ಅನ್ನು."

"ಲೆಕ್ಕಕ್ಕೆ ಅಷ್ಟೇ ಅವ್ವಾ."

"ಒಟ್ಟೆ ಒಳಗಿರೋ ಕೂಸಿಗೆ ತಾಯಿ ಎದೆ ಸದ್ದು ಕೇಳ್ತಾ ಇರಬೇಕಲ್ವಾ ಕಣ್ಣು? ಅದನ್ನ ನಾನು ಬಡೀತೀನಿ. ಎಂದು ಉಟ್ಟುತೈತೆ, ಅದನ್ನೇಳು."

ಕ್ಯಾಲೆಂಡರ್ ನೋಡಿದೆ. ಆ ದಿನ ಅಮಾವಾಸ್ಯೆ. ಅವರ ಮುಖ ಬಿಳಿಚಿಕೊಂಡಿತು.

ಅಮಾವಾಸ್ಯೆಯ ದಿನ ಆ ಬೀದಿಯಲ್ಲಿ ಯಾರೂ ನೇಯುವುದಿಲ್ಲ. ಶರಣ್ಯ ನನ್ನನ್ನು ಹೊರಗೆ ಕರೆದುಕೊಂಡು ಬಂದು ಹೇಳಿದಳು: ಅವಳಿಗಿಂತ ಮೊದಲು ಚಿನ್ನತಾಯಿಗೆ ಏಳು ತಿಂಗಳಿಗೇ ಗಂಡು ಕೂಸೊಂದು ಹುಟ್ಟಿತ್ತಂತೆ. ಹತ್ತಿಯಲ್ಲಿ ಸುತ್ತಿ ಮಗ್ಗದ ಪಕ್ಕ ಇಟ್ಟುಕೊಂಡಿದ್ದರಂತೆ. ಎರಡು ದಿನ ಬದುಕಿತು. ಮೂರನೆಯ ದಿನ ಅಮಾವಾಸ್ಯೆ, ಮಗ್ಗ ನಿಂತಿತ್ತು.

ಆ ಅಮಾವಾಸ್ಯೆಗೆ ನಾನು ಹೋದದ್ದು ಮಧ್ಯಾಹ್ನ ಮೂರಕ್ಕೆ. ಬೀದಿಯೆಲ್ಲ ಗಪ್‌ಚುಪ್. ಒಂದೇ ಮನೆಯಿಂದ ಟಕ್, ಟಕ್. ಬೆಳಿಗ್ಗೆ ಹಿರಿಯರು ಬಂದು ಕೂಗಾಡಿದ್ದರಂತೆ. ಚಿನ್ನತಾಯಿ ಲಾಳಿ ಎತ್ತಿ ತೋರಿಸಿ, "ಇದರಾಗೆ ನೂಲೇ ಇಲ್ಲ. ಒಂದು ಎಳೆ ಬಟ್ಟೆನೂ ಬೆಳೆಯಾಕಿಲ್ಲ, ನೋಡ್ಕಳಿ" ಎಂದರಂತೆ. ಅವರು ಲಾಳಿ ಮುಟ್ಟಿ ನೋಡಿ ಹೊರಟುಹೋದರಂತೆ.

"ಒಂದು ಗಂಟೆಗೆ ಮಜ್ಜಿಗೆ ಕುಡಿದ್ಲು ಅಕ್ಕಾ. ದೀಪ ಅಚ್ಚೋಗಂಟ ಕರೀಬೇಡ ಅಂದವ್ಳೆ," ಎಂದಳು ಶರಣ್ಯ. ಮಗ್ಗದ ಕೋಣೆಗೆ ಪರದೆ ಬಿಟ್ಟಿತ್ತು.

ಮೂರು ಗಂಟೆ ಕಾಲ ಜೋಲಿಯ ಪಕ್ಕ ಕೂತೆ. ಒಂದು ಸಲವೂ ಉಸಿರು ತಪ್ಪಲಿಲ್ಲ. ನನಗೆ ಖುಷಿಯೋ ಖುಷಿ. ಪರದೆಯತ್ತ ತಿರುಗಿ, "ಸಾಕು ಬನ್ನಿ ಅವ್ವಾ, ಮೊಮ್ಮಗಳು ಉಟ್ಟಾಯ್ತು!" ಎಂದು ಕೂಗಿದೆ. ಟಕ್ ಎಂದಿತು, ಅಷ್ಟೇ. ಆ ಬಡಿತ ಎಷ್ಟು ಹದವಾಗಿತ್ತೆಂದರೆ, ಒಂದು ಕೆಮ್ಮಿಲ್ಲ, ದಣಿವಿಲ್ಲ, ಮೊದಲನೆಯದಕ್ಕೂ ಕೊನೆಯದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಆಗ ಅದು ನನಗೆ ವಿಚಿತ್ರವೆನಿಸಲಿಲ್ಲವಲ್ಲ, ಎಂಥ ಪೆದ್ದಿ ನಾನು!

ಆರಕ್ಕೆ ಶರಣ್ಯ ದೀಪ ಹಚ್ಚಿ, ಕಾಫಿ ಲೋಟ ಹಿಡಿದು ಪರದೆ ಸರಿಸಿದಳು. ಸದ್ದು ನಿಂತಿತು. ಚಿನ್ನತಾಯಿ ಗುಂಡಿಯಲ್ಲಿ ಕಾಲಿಟ್ಟು ನೆಟ್ಟಗೆ ಕೂತಿದ್ದರು. ಹಲಗೆ ಹಿಡಿದ ಬೆರಳುಗಳು ಸೆಟೆದುಕೊಂಡಿದ್ದವು, ಬಿಡಿಸಲು ನನ್ನಿಂದಾಗಲಿಲ್ಲ. ಮೈ ತಣ್ಣಗಿತ್ತು. ಪಕ್ಕದ ಬೀದಿಯ ಡಾಕ್ಟರ್ ಬಂದು ಮುಟ್ಟಿ ನೋಡಿ, "ಹೋಗಿ ನಾಲ್ಕು ಗಂಟೆಯಾದರೂ ಆಗಿದೆ" ಎಂದರು.

ನಾನು ಬಂದದ್ದು ಮೂರಕ್ಕೆ. ಸದ್ದು ನಿಂತಾಗಿನಿಂದ ಜೋಲಿ ಅಲುಗಿರಲಿಲ್ಲ, ಯಂತ್ರವೂ ಚೀರಿರಲಿಲ್ಲ. ನಾನು ಓಡಿಹೋಗಿ ಕೂಸಿನ ಎದೆಯ ಮೇಲೆ ಕೈಯಿಟ್ಟೆ. ಅದು ಉಸಿರಾಡುತ್ತಿತ್ತು, ತಾನಾಗಿಯೇ.

ಆಮೇಲೆ ಒಮ್ಮೆಯೂ ಅದರ ಉಸಿರು ನಿಂತಿಲ್ಲ. ಈಗ ಎರಡು ವರ್ಷ. ಓಡುತ್ತದೆ, ನನ್ನ ಚೀಲ ಕಿತ್ತುಕೊಳ್ಳುತ್ತದೆ. ಆ ದಿನದ ಹಾಳೆ ಮಾತ್ರ ಇನ್ನೂ ತಕರಾರಿನಲ್ಲಿದೆ. 'ವಯಸ್ಸು' ಎಂಬಲ್ಲಿ ಸೊನ್ನೆ ದಿನ ಎಂದು ಬರೆದಿದ್ದೇನೆ, ಅದು ಸರಿ. 'ಮೂರರಿಂದ ಆರರವರೆಗೆ ಮಗುವನ್ನು ನೋಡಿಕೊಂಡವರು' ಎಂಬಲ್ಲಿ ಅಜ್ಜಿ ಎಂದು ಬರೆದಿದ್ದೇನೆ. ಆ ಹೊತ್ತಿಗೆ ಅವರು ಇರಲಿಲ್ಲವಲ್ಲ, ತಿದ್ದಿ ಕೊಡಿ ಎಂದು ಆಫೀಸಿನವರು ಮೂರು ಸಲ ಕೇಳಿದ್ದಾರೆ. ನಾನು ತಿದ್ದಿಲ್ಲ.