ಪೂಜೆಯ ಕೊಡ ಬರಿದಾದ ದಿನ

ಅತ್ತೆಯ ನೆತ್ತಿಯ ಮೇಲೆ ಅಂಗೈಯಗಲದ ಜಾಗದಲ್ಲಿ ಒಂದು ಕೂದಲೂ ಇರಲಿಲ್ಲ. ಸದಾ ಸೆರಗು ಹೊದ್ದಿರುತ್ತಿದ್ದುದರಿಂದ ಹೊರಗಿನವರಿಗೆ ಇದು ಗೊತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವರ ತಲೆಗೆ ಎಣ್ಣೆ ಹಚ್ಚಲು ಕೂತ ನಾನು ನೋಡಿ ಬೆಚ್ಚಿಬಿದ್ದೆ. ಸಣ್ಣ ಹುಡುಗಿಯಾಗಿದ್ದಾಗಿನಿಂದ ಸಿಂಬಿ ಇಟ್ಟು ಕೊಡ ಹೊತ್ತೂ ಹೊತ್ತೂ ಆ ಜಾಗ ನುಣ್ಣಗಾಗಿತ್ತು.

ನಾನು ಗೋಕಾಕ ಫಾಲ್ಸಿನವಳು. ಅಪ್ಪನಿಗೆ ಗಿರಣಿಯಲ್ಲಿ ಕೆಲಸ. ಹೊಳೆಯ ಸಪ್ಪಳ ಕೇಳುತ್ತ ಬೆಳೆದ ನನಗೆ ನೀರು ಮುಗಿದುಹೋಗುತ್ತದೆ ಎಂಬುದೇ ತಿಳಿದಿರಲಿಲ್ಲ. ಕೊಟ್ಟದ್ದು ನಿಡಸೋಸಿ ಕಡೆಯ ಒಂದು ಹಳ್ಳಿಗೆ. ಆಗಿನ್ನೂ ಇಂಗ್ರೇಜರ ಕಾಲ. ಬೇಸಿಗೆ ಬಂತೆಂದರೆ ಆ ಊರಿಗೆಲ್ಲ ಒಂದೇ ಬಾವಿ, ಅದೂ ತಳ ಕಂಡ ಬಾವಿ.

ಅತ್ತೆ ನೀರನ್ನು ಸುಮ್ಮನೆ ನೆಲಕ್ಕೆ ಬಿಟ್ಟವರಲ್ಲ. ಜಳಕದ ಕಲ್ಲಿನ ಕೆಳಗೆ ಬೋಗುಣಿ ಇಟ್ಟು ನೀರು ಹಿಡಿದು, ಅದರಲ್ಲೇ ಅರಿವೆ ನೆನೆಸಿ, ಮಿಕ್ಕಿದ್ದನ್ನು ಅಂಗಳಕ್ಕೆ ಚಿಮುಕಿಸುತ್ತಿದ್ದರು. ಕಾಯಿಪಲ್ಲೆ ತೊಳೆದದ್ದು ಎಮ್ಮೆಗೆ. ಪಾತ್ರೆಗಳನ್ನು ಒಣ ಬೂದಿಯಲ್ಲಿ ತಿಕ್ಕಿ ಒರೆಸಿ, ಕೊನೆಗೆ ಒಂದೇ ತಂಬಿಗೆಯಲ್ಲಿ ಅಷ್ಟನ್ನೂ ಮುಗಿಸಬೇಕು. ನಾನು ಏನಾದರೂ ಚೆಲ್ಲಲು ಹೊರಟರೆ ಎಲ್ಲಿದ್ದರೂ ಅವರ ದನಿ ಬರುತ್ತಿತ್ತು: “ತಡಿ, ಇದ್ರಾಗ ಇನ್ನೊಂದು ಕೆಲಸ ಐತಿ.” ಮುಖ ತೊಳೆಯುವುದಕ್ಕೂ ಅಳತೆಯೇ ಎಂದು ನಾನು ಒಳಗೊಳಗೇ ಉರಿದುಕೊಳ್ಳುತ್ತಿದ್ದೆ.

ಮಾವನವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ನಾನೊಮ್ಮೆ ಸೆಕೆ ತಾಳದೆ ಹಿತ್ತಲಲ್ಲಿ ಎರಡು ಕೊಡ ನೀರು ಮೈಮೇಲೆ ಸುರಿದುಕೊಂಡದ್ದು ಗೊತ್ತಾಗಿ, ಇನ್ನೊಮ್ಮೆ ನೀರು ಹಾಳು ಮಾಡಿದರೆ ತವರಿಗೆ ಬಿಟ್ಟು ಬರುತ್ತೇನೆ ಎಂದುಬಿಟ್ಟಿದ್ದರು. ಆಡಿದ್ದನ್ನು ಮಾಡುವ ಮನುಷ್ಯ. ನನ್ನ ಗಂಡನೋ, ಅಪ್ಪನೆದುರು ಕೆಮ್ಮುವುದಕ್ಕೂ ಹಿಂದೆಮುಂದೆ ನೋಡುವವರು.

ಅಂಥದ್ದರಲ್ಲಿ ನಾನು ಮೆಚ್ಚಿಗೆ ಗಳಿಸಲು ಹೊರಟೆ. ಜಗಲಿಯ ಮೂಲೆಯಲ್ಲಿ ಲಿಂಗಪೂಜೆಯ ತಾಮ್ರದ ಕೊಡವಿತ್ತು. ಅದರೊಳಗೆ ನಿನ್ನೆಯ ನೀರಿದೆ ಎಂದುಕೊಂಡು, ತವರಿನಲ್ಲಿ ಮಾಡುತ್ತಿದ್ದಂತೆ ಅದನ್ನು ಬಿಲ್ವಪತ್ರಿ ಗಿಡದ ಬುಡಕ್ಕೆ ಸುರಿದೆ. ಹುಣಸೆಹಣ್ಣು ಹಚ್ಚಿ ಕೊಡವನ್ನು ಫಳಫಳ ಬೆಳಗಿದೆ. ಆ ನೀರನ್ನು ಅತ್ತೆ ಆ ದಿನವೇ ಬೆಳಗಿನ ಜಾವ ಮಡಿಯಲ್ಲಿ ಹೋಗಿ ತಂದಿದ್ದರು. ಮಾವ ಪೂಜೆ ಮುಗಿಸಿ ಹೊಲಕ್ಕೆ ಹೋಗಿದ್ದರು. ಅತ್ತೆಯದು ಇನ್ನೂ ಆಗಿರಲಿಲ್ಲ.

ರೊಟ್ಟಿ ಬಡಿದು, ಕೈಕಾಲು ತೊಳೆದು ಬಂದ ಅತ್ತೆ ಬರಿದಾದ ಕೊಡ ನೋಡಿದರು. ನನ್ನನ್ನೂ ನೋಡಿದರು. ಒಳಗೆ ಕುಡಿಯುವ ನೀರಿನ ಹರವಿ ಅರ್ಧ ತುಂಬಿತ್ತು. ಆದರೆ ಎಲ್ಲರ ಕೈಯಾಡಿದ ನೀರು ಲಿಂಗಕ್ಕೆ ಬರುವುದಿಲ್ಲ. ಪೂಜೆಯಾಗದೆ ಅತ್ತೆ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕುವವರಲ್ಲ. ಹಿಂದಿನ ರಾತ್ರಿ ಉಂಡದ್ದೇ ಕೊನೆ. ಹೊರಗೆ ಬಿಸಿಲು ನೆತ್ತಿಗೇರುತ್ತಿತ್ತು. ಇವತ್ತೊಂದು ದಿನ ಕುಡಿಯಿರಿ ಎಂದು ಕಾಲು ಹಿಡಿದೆ.

“ಇಷ್ಟು ವರ್ಷ ಬಿಟ್ಟಿಲ್ಲ, ಇವತ್ತ ಬಿಡ್ತೇನೇನು? ಅಳಕೋತ ನಿಂತ್ರ ನೀರು ಬರೂದಿಲ್ಲ. ಮೈಮ್ಯಾಲ ಒಂದ್ ತಂಬಿಗಿ ಹಾಕ್ಕೊಂಡು ಬಾಂವಿಗಿ ಹೋಗು” ಎಂದರು.

ಬಾವಿಯಲ್ಲಿ ನಮ್ಮ ಮನೆಯ ಪಾಳಿ ನಸುಕಿನಲ್ಲೇ ಮುಗಿದಿತ್ತು. ಅತ್ತೆಯ ಪೂಜೆ ಆಗಿಲ್ಲ ಎಂದಷ್ಟೇ ಹೇಳಿದೆ. ಕಾದಿದ್ದ ಹೆಂಗಸರು ಏನೂ ಕೇಳದೆ ತಮ್ಮ ಕೊಡಗಳನ್ನು ಹಿಂದಕ್ಕೆ ಎಳೆದುಕೊಂಡರು. ಅವರು ಬಿಟ್ಟರೇನು, ಬಾವಿ ಬಿಡಬೇಕಲ್ಲ. ಮೆಟ್ಟಿಲಿಳಿದು ಕೂರಬೇಕು, ತಳದ ಸೆಲೆಯಲ್ಲಿ ಬೊಗಸೆಯಷ್ಟು ನೀರು ಕೂಡಬೇಕು, ಕೆಸರು ಇಳಿಯಬೇಕು, ಆಮೇಲೆ ತೆಂಗಿನ ಚಿಪ್ಪಿನಲ್ಲಿ ಮೆಲ್ಲಗೆ ತೋಡಬೇಕು. ಅವಸರ ಮಾಡಿದರೆ ನೀರು ರಾಡಿಯಾಗಿ ಮತ್ತೆ ಮೊದಲಿನಿಂದ ಕಾಯಬೇಕು. ನಾನು ತಡೆಯಲಾರದೆ ಚಿಪ್ಪು ಇಳಿಸಿ ಎರಡು ಸಲ ಹಾಗೇ ಆಯಿತು. ಅತ್ತೆ ಅಲ್ಲಿ ಸತ್ತೇ ಹೋದರೆ ಎಂಬ ಯೋಚನೆಯೇ ಮತ್ತೆ ಮತ್ತೆ ಬರುತ್ತಿತ್ತು. ಸೂರ್ಯ ವಾಲಿದ ಮೇಲೆ ಕೊಡದಲ್ಲಿ ಎರಡು ತಂಬಿಗೆಯಷ್ಟು ನೀರಾಯಿತು.

ಕಾದ ನೆಲದ ಮೇಲೆ ಬರಿಗಾಲಲ್ಲಿ ಮನೆ ಮುಟ್ಟಿದಾಗ ಮಾವ ಹೊಲದಿಂದ ಬಂದು ಜಗಲಿಯಲ್ಲಿ ನಿಂತಿದ್ದರು. ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ತುಟಿ ಬೆಳ್ಳಗಾಗಿ ಒಡೆದಿತ್ತು.

“ಕೊಡ ಯಾರು ಚೆಲ್ಲಿದ್ರು?” ಮಾವ ಕೇಳಿದ್ದು ಅತ್ತೆಯನ್ನು, ನೋಡಿದ್ದು ನನ್ನನ್ನು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ, ಒಣಗಿದ ನಾಲಿಗೆಯನ್ನು ಹೊರಳಿಸಿ, “ನನ್ನ ಕೈ ಜಾರಿತು” ಎಂದರು.

ಮಾವ ನನ್ನ ಕೈಯಲ್ಲಿ ಫಳಫಳ ಹೊಳೆಯುತ್ತಿದ್ದ ಕೊಡವನ್ನೊಮ್ಮೆ ನೋಡಿ, ಹೊರಗೆ ಹೋದರು.

ಅಷ್ಟು ಬಾಯಾರಿದ್ದರೂ ಅತ್ತೆ ಪೂಜೆಯಲ್ಲಿ ಒಂದಿಷ್ಟೂ ಅವಸರ ಮಾಡಲಿಲ್ಲ. ಮುಗಿದ ಮೇಲೆ ತೀರ್ಥ ತೆಗೆದುಕೊಂಡು, ತಂಬಿಗೆ ಎತ್ತಿ ಅರ್ಧ ಕುಡಿದು, ಉಳಿದರ್ಧ ನನ್ನೆದುರು ಹಿಡಿದರು. ನಾನೂ ಮುಂಜಾನೆಯಿಂದ ಏನೂ ಕುಡಿದಿಲ್ಲವೆಂಬುದು ನನಗೇ ಮರೆತುಹೋಗಿತ್ತು. ಆ ನೀರು ಕುಡಿಯುತ್ತ ನಾನು ಬಿಕ್ಕಿದೆ. ಅತ್ತೆ ಅದರ ಮಾತನ್ನು ಮುಂದೆ ಎಂದೂ ಎತ್ತಲಿಲ್ಲ.

ಆಮೇಲೆ ಒಂಬತ್ತು ವರ್ಷ ಅವರೊಂದಿಗೆ ಬಾಳಿದೆ. ಒಂದು ಮಳೆಗಾಲದಲ್ಲಿ, ಮೂರು ದಿನದ ಜ್ವರಕ್ಕೆ, ಅವರು ಹೋಗಿಬಿಟ್ಟರು. ಮಣ್ಣು ಮಾಡಿ ಬಂದ ಸಂಜೆ ಮಾವನವರೆದುರು ನಿಂತು, ಆವತ್ತು ನೀರು ಚೆಲ್ಲಿದವಳು ನಾನು ಎಂದು ಹೇಳಿದೆ. ಬೈಸಿಕೊಳ್ಳಬೇಕು ಎಂದೇ ಹೇಳಿದ್ದೆ.

ಮಾವ ತಲೆ ಎತ್ತಲಿಲ್ಲ. “ಗೊತ್ತಿತ್ತು ಬಿಡವ್ವಾ. ಆಕಿ ಜೀವಮಾನದಾಗ ಆಡಿದ್ದು ಅದೊಂದ ಸುಳ್ಳು. ಅದನ್ನ ನಾ ಹೆಂಗ ಹಾಳು ಮಾಡ್ಲಿ?”