ಇಬ್ಬರ ನಡುವೆ ಬಿದ್ದದ್ದು

ಮಕ್ಕಳೇ, ನಿಮ್ಮ ಕ್ರಿಕೆಟ್ಟು ನನಗೆ ತಿಳಿಯುವುದಿಲ್ಲ. ಆದರೂ ಸಂಜೆ ಈ ತೆಲುಗು ಸೀಮೆಯ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಸಿಮೆಂಟ್ ಬೆಂಚಿನ ಮೇಲೆ ಕುಳಿತು ನೋಡುತ್ತೇನೆ. ನೋಡುವುದಕ್ಕಿಂತ ಕೂರುವುದೇ ಹೆಚ್ಚು. ಮೊಣಕಾಲು ಕೇಳುವುದು ಅಷ್ಟನ್ನೇ.

ಹೋದ ತಿಂಗಳು ಒಮ್ಮೆ ಚೆಂಡು ಮೂರನೇ ಅಂತಸ್ತಿನವರೆಗೆ ಎದ್ದಿತು. ಸಂಜು, ಪವಿ, ನೀವಿಬ್ಬರೂ ಅದರ ಕೆಳಗೆ ಓಡಿಬಂದು, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿರಿ. ಚೆಂಡು ನಡುವೆ ಟಪ್ಪೆಂದು ಬಿತ್ತು.

"ನೀ ಹಿಡೀತಿ ಅಂದ್ಕೊಂಡೆ!"

"ನಾನೂ ಹಂಗ ಅಂದ್ಕೊಂಡೆ!"

ಆಮೇಲೆ ಪವಿ ನನಗೆ ಬಿಡಿಸಿ ಹೇಳಿದಳು: "ಅಜ್ಜಿ, ಯಾರಿಗೆ ಸಿಗ್ತದ ಅವ್ರು ‘ನಂದು’ ಅಂತ ಒದರ್ಬೇಕು. ಇನ್ನೊಬ್ರು ಬಿಟ್ಟು ಸರೀಬೇಕು. ಈ ಸಂಜೂಗ ಬಾಯೇ ಇಲ್ಲ."

"ನಿನಗ ಬಾಯಿ ಬಿಟ್ರ ಬ್ಯಾರೆ ಏನೈತಿ?" ಎಂದ ಸಂಜು.

ಒದರುವುದೆಂದರೆ ನನಗೆ ಈಗಲೂ ಅಂಜಿಕೆ. ನಾನು ಬೆಳೆದ ಮನೆಯಲ್ಲಿ ಬುಟ್ಟಿಯ ಕೊನೆಯ ರೊಟ್ಟಿ "ನೀ ತಗೋ, ನೀ ತಗೋ" ಎನ್ನುವಷ್ಟರಲ್ಲಿ ಒಣಗಿ ಎಮ್ಮೆಯ ಪಾಲಾಗುತ್ತಿತ್ತು. ನಿಮ್ಮ ಅಜ್ಜನನ್ನು ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ. ಫ್ಯಾಕ್ಟರಿಗೆ ಹೊರಟವರು ಡಬ್ಬಿ ಮರೆತರೆ ಬಾಗಿಲಲ್ಲಿ ನಿಂತು ಬಳೆ ಸದ್ದು ಮಾಡುತ್ತಿದ್ದೆ. ಪಾಪ, ಎಷ್ಟೋ ದಿನ ಅವರು ಕ್ಯಾಂಟೀನಿನಲ್ಲೇ ಉಂಡರು.

ಈ ಗುಣ ನಿಮ್ಮ ಅಪ್ಪನಿಗೆ ಹುಟ್ಟಿನಿಂದ ಬಂತು, ಅಮ್ಮನಿಗೆ ಈ ಮನೆ ಸೇರಿದ ಮೇಲೆ ಅಂಟಿತು. ಆ ಚೆಂಡು ಬಿದ್ದ ವಾರದಲ್ಲೇ, ನನ್ನ ಕಣ್ಣಿನ ಪೊರೆ ತೆಗೆಸಬೇಕಿದ್ದ ದಿನ ಇಬ್ಬರೂ ಆಫೀಸಿನ ಕ್ಯಾಬ್ ಹತ್ತಿ ಹೋದರು. ಅವಳು ಇರುತ್ತಾಳೆಂದು ಅವನು, ಅವನು ಇರುತ್ತಾನೆಂದು ಅವಳು. ಇನ್ನು ತಡಮಾಡಿದರೆ ನೋಟ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ನಾನು ತಲೆಸ್ನಾನ ಮಾಡಿ, ಚೀಲ ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದವರೆಗೆ ಸೋಫಾದಲ್ಲಿ ಕೂತಿದ್ದೆ. ಫೋನು ಪಕ್ಕದಲ್ಲೇ ಇತ್ತು. ಮೀಟಿಂಗಿನಲ್ಲಿರುತ್ತಾರೆಂದು ಮುಟ್ಟಲಿಲ್ಲ. ಈ ಜನ್ಮದಲ್ಲಿ ದುಡಿದು ದಣಿದದ್ದಕ್ಕಿಂತ ಹೀಗೆ ಕಾದು ದಣಿದದ್ದೇ ಹೆಚ್ಚು.

ಡಾಕ್ಟರು ಬೈದು ಮತ್ತೊಂದು ದಿನ ಗೊತ್ತುಮಾಡಿದರು. ಆ ದಿನ ನೋಡಿದರೆ ಇಬ್ಬರೂ ರಜೆ ಹಾಕಿ ಬಾಗಿಲಲ್ಲಿ ನಿಂತಿದ್ದಾರೆ!

"ನೀನ ಕರ್ಕೊಂಡು ಹೋಗು ಲತಾ, ನಿನಗ ತೆಲುಗು ಚಲೋ ಬರ್ತದ," ಎಂದ ನಿಮ್ಮ ಅಪ್ಪ.

"ಅವ್ರು ನಿಮ್ಮ ಅವ್ವ ಅಲ್ಲೇನ್ರಿ? ನಾ ಮುಂದ ಬಿದ್ರ ಛಂದ ಕಾಣಸ್ತದೇನು? ನೀವ ಹೋಗ್ರಿ."

ಕೆಳಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಇವರ ಸೌಜನ್ಯ ಮುಗಿಯುವ ಲಕ್ಷಣ ಕಾಣಲಿಲ್ಲ. ನನಗೋ ಮತ್ತೊಮ್ಮೆ ಆ ಸೋಫಾದಲ್ಲಿ ಕೂರುವ ತ್ರಾಣವಿರಲಿಲ್ಲ.

"ಲತಾ, ನೀ ನಡಿ. ಪ್ರಕಾಶ, ನೀ ಹುಡುಗ್ರಿಗೆ ಅನ್ನಾ ಮಾಡು!"

ಆ ದನಿ ಯಾರದೆಂದು ನಾನೇ ತಿರುಗಿ ನೋಡುವಂತಾಯಿತು. ಎದುರು ಮನೆಯವರು ಬಾಗಿಲು ತೆರೆದು ಇಣುಕಿದರು.

ಆಟೋ ಹತ್ತಿ ಕುಳಿತೆವು. ಅಷ್ಟರಲ್ಲಿ ಮೇಲಿನ ಬಾಲ್ಕನಿಯಿಂದ ನಿಮ್ಮ ಅಪ್ಪ ಬಗ್ಗಿ ಕೂಗಿದ: "ಅವ್ವಾ, ಅಕ್ಕಿಗೆ ನೀರು ಎಷ್ಟು?"

ಹೇಳಲು ಬಾಯಿ ತೆರೆದೆ. ಲತಾ ಮೆಲ್ಲಗೆ ನನ್ನ ಕೈ ಒತ್ತಿದಳು. ಬಾಯಿ ಮುಚ್ಚಿಕೊಂಡೆ. ಅನ್ನ ಅವನದು.