ಪ್ಲಾಟ್‌ಫಾರ್ಮ್ ಹತ್ತದ ಮಂದಿ

ಕುಸಳಮಾಳದಲ್ಲಿ ದಿನಕ್ಕೆ ಹನ್ನೊಂದು ಜನ ಮಾತ್ರ ರೈಲು ಹತ್ತುತ್ತಾರೆಂದು ಬರೆದುಕೊಟ್ಟ ಪುಣ್ಯಾತ್ಮನನ್ನು ಮನೆಗೆ ಕರೆದು, ಚಹಾ ಕೊಟ್ಟು, ಒಂದೇ ಒಂದು ಮಾತು ಕೇಳಬೇಕೆಂದು ನನಗೆ ಎಷ್ಟೋ ದಿನದಿಂದ ಇದೆ: ಆ ಹನ್ನೊಂದರಲ್ಲಿ ನಮ್ಮ ಸಾವಂತ್ರವ್ವ ಇದ್ದಳೇನಪ್ಪಾ?

ಸಾವಂತ್ರವ್ವ ನನ್ನ ಮಗಳು ಮಾಯಾಳನ್ನು ನೋಡಿಕೊಳ್ಳುವವಳು. ನಮ್ಮ ಮನೆ ಪುಣೆಯ ಖರಾಡಿಯಲ್ಲಿ, ಹನ್ನೆರಡನೆಯ ಮಹಡಿ. ಮಾಯಾಗೆ ಒಂದೂವರೆ ವರ್ಷ. ನಾನು ಮತ್ತೆ ಆಫೀಸಿಗೆ ಹೋಗಬೇಕಾದಾಗ ಎಂಟು ಜನ ಆಯಾಗಳನ್ನು ನೋಡಿ ಎಂಟೂ ಜನರನ್ನು ಬೇಡವೆಂದೆ. ಒಬ್ಬಳ ಉಗುರು ಉದ್ದ, ಒಬ್ಬಳಿಗೆ ಕೆಮ್ಮು, ಇನ್ನೊಬ್ಬಳು ಮಗುವನ್ನು ಎತ್ತಿಕೊಂಡವಳೇ ಸೀದಾ ಬಾಲ್ಕನಿಗೆ ನಡೆದಳು. ಒಂಬತ್ತನೆಯವಳು ಸಾವಂತ್ರವ್ವ. ಬಾಗಿಲ ಹೊರಗೆ ಕುಳಿತು ಸೀರೆಯ ಅಂಚಿಗೆ ಚುಚ್ಚಿಕೊಂಡಿದ್ದ ಹುಲ್ಲಿನ ಮುಳ್ಳುಗಳನ್ನು ಒಂದೊಂದಾಗಿ ಆರಿಸಿದಳು. ಒಳಗೆ ಬಂದು ಕೈ ತೊಳೆದಳು. ಬಾಲ್ಕನಿಯ ಬಾಗಿಲು ಹಾಕಿ ಚಿಲಕ ಎಳೆದು, ಅದನ್ನು ಮತ್ತೊಮ್ಮೆ ಜಗ್ಗಿ ನೋಡಿದಳು. ಮಗುವನ್ನು ಮುಟ್ಟಿದ್ದು ಆಮೇಲೆ. ನನಗೆ ಅಷ್ಟೇ ಸಾಕಾಯಿತು.

ಆ ಜಗ್ಗಿ ನೋಡುವ ಅಭ್ಯಾಸ ಗಂಡನಿಂದ ಬಂದದ್ದು. ಗಂಡ ಅವ್ವಣ್ಣ ರೈಲ್ವೆಯಲ್ಲಿ ಕೀಮನ್ ಆಗಿದ್ದ. ದಿನಾ ಬೆಳಿಗ್ಗೆ ಹೆಗಲ ಮೇಲೆ ಸುತ್ತಿಗೆ ಹೊತ್ತು ಆರು ಕಿಲೋಮೀಟರು ಹಳಿಯ ಗುಂಟ ನಡೆಯುವುದು, ಹಳಿಯನ್ನು ಹಿಡಿದಿಡುವ ಕೀಲಿ ಎಲ್ಲಿ ಸಡಿಲಾಗಿದೆಯೋ ಅಲ್ಲಿ ಬಡಿದು ಕೂರಿಸುವುದು ಅವನ ಕೆಲಸ.

"ಬಡದ ಮ್ಯಾಲ ಇನ್ನೊಮ್ಮಿ ಜಗ್ಗಿ ನೋಡಬೇಕ್ರಿ ಅವ್ವಾರ. ಬಡಿಯೋದು ಯಾರರ ಬಡೀತಾರ. ಪಗಾರ ಕೊಡೋದು ಜಗ್ಗಿ ನೋಡೋದಕ್ಕ" ಎಂದು ಆಕೆ ಒಮ್ಮೆ ಹೇಳಿದ್ದಳು.

ಅಂಥ ಅವ್ವಣ್ಣ ಒಂದು ಡಿಸೆಂಬರಿನ ಮಂಜಿನಲ್ಲಿ ಹಿಂದಿನಿಂದ ಬಂದ ಗಾಡಿಗೆ ಸಿಕ್ಕು ಸತ್ತ. ಹೆಂಡತಿಗೆ ಕೆಲಸ ಕೊಡುತ್ತೇವೆ ಎಂದರು. ಹುಟ್ಟಿದ ತಾರೀಖಿನ ದಾಖಲೆ ತಾ ಎಂದರು. ಸೇಡಂ ಕಡೆಯ ಹಳ್ಳಿಯ ಒಂದು ಗುಡಿಸಲಿನಲ್ಲಿ ಹುಟ್ಟಿದವಳು ಯಾವ ದಾಖಲೆ ತಂದಾಳು? ಎರಡು ಸಲ ಊರಿಗೆ ಹೋಗಿ ಬಂದಳು, ತಂದ ಕಾಗದದಲ್ಲಿ ಹೆಸರು ಸಾವಿತ್ರಿ ಎಂದಿದೆ ಎಂದು ತಿರುಗಿಸಿ ಕಳಿಸಿದರು. ಕೊನೆಗೆ ಅವಧಿ ಮೀರಿತು ಎಂದರು. ಮೀರಿಸಿದವರು ಯಾರು ಎಂದು ಆಕೆ ಕೇಳಲಿಲ್ಲ. ನನಗೆ ಇಂದಿಗೂ ಕೇಳಬೇಕೆನಿಸುತ್ತದೆ.

ಕುಸಳ ಎಂದರೆ ಮರಾಠಿಯಲ್ಲಿ ಬಟ್ಟೆಗೆ ಚುಚ್ಚಿಕೊಂಡರೆ ಬಿಡದ ಒಣಹುಲ್ಲಿನ ಮುಳ್ಳು. ಪುಣೆಯ ಪೂರ್ವಕ್ಕೆ ರೈಲಿನಲ್ಲಿ ಹೋದರೆ, ಕಬ್ಬಿನ ತೋಟಗಳು ಮುಗಿದ ಮೇಲೆ, ಕಣ್ಣು ಹಾಯುವ ತನಕ ಅದೇ ಹುಲ್ಲಿನ ಮಾಳ. ಅದರ ನಡುವೆ ಒಂದು ಹಾಲ್ಟು, ಪುಟ್ಟ ನಿಲ್ದಾಣ, ಅದೇ ಸಾವಂತ್ರವ್ವನ ಕುಸಳಮಾಳ. ಹಳಿ ಜೋಡಿಸುವ ಕೆಲಸಕ್ಕೆಂದು ಸೇಡಂ, ಚಿತ್ತಾಪುರದ ಕಡೆಯಿಂದ ಹದಿನೆಂಟು ಮನೆಯವರನ್ನು ಅಲ್ಲಿಗೆ ತಂದು ಇಳಿಸಿದ್ದರಂತೆ. ಅವರ ಮಕ್ಕಳು, ಮೊಮ್ಮಕ್ಕಳು ಸೇರಿ ಈಗ ಅರವತ್ತು ಮನೆ. ಹಳಿಯ ಕೆಲಸವನ್ನು ಯಂತ್ರಗಳೂ ಗುತ್ತಿಗೆಯವರೂ ಹಂಚಿಕೊಂಡ ಮೇಲೆ ಕ್ವಾರ್ಟರ್ಸು ಕೆಡವಿದರು. ಇವರು ಬೇಲಿಯಾಚೆ ತಗಡು ಹೊದಿಸಿ ಮನೆ ಕಟ್ಟಿಕೊಂಡರು. ಗಂಡಸರು ಹಡಪಸರದ ತರಕಾರಿ ಮಂಡಿಗೆ, ಹೆಂಗಸರು ನಮ್ಮಂಥವರ ಅಡುಗೆಮನೆಗಳಿಗೆ. ಬಸ್ಸಿಲ್ಲ. ಹೆದ್ದಾರಿ ಒಂಬತ್ತು ಕಿಲೋಮೀಟರು ದೂರ. ಇರುವುದು ಬೆಳಗಿನ ಆರೂ ಐವತ್ತರ ಶಟಲ್, ಸಂಜೆಯ ಶಟಲ್, ಎರಡೇ.

ಈ ಜನವರಿಯ ಒಂದು ಸೋಮವಾರ ಎಂಟೂವರೆಯಾದರೂ ಸಾವಂತ್ರವ್ವ ಬರಲಿಲ್ಲ. ಒಂಬತ್ತಾಯಿತು. ಫೋನು ಹತ್ತಲಿಲ್ಲ. ನಾನು ಏನೇನು ಊಹಿಸಿಕೊಂಡೆ ಎಂಬುದನ್ನು ಬರೆಯುವುದಿಲ್ಲ. ಹನ್ನೊಂದಕ್ಕೆ ಬಾಗಿಲ ಹೊರಗೆ ಕುಳಿತು ಸೀರೆಯ ಅಂಚು ಆರಿಸುತ್ತಿದ್ದಳು. ಅಂದು ಮುಳ್ಳುಗಳು ಮಂಡಿಯ ತನಕ ಹತ್ತಿದ್ದವು.

"ಗಾಡಿ ನಿಲ್ಲಲಿಲ್ರಿ ಅವ್ವಾರ. ಸೀಟಿ ಹೊಡಕೋತ ಹೋಗೇ ಬಿಡ್ತು. ಮುಂದಿನ ಟೇಶನ್ ತನಕ ನಡದು ಬಂದೆ."

"ಹಳಿಯ ಪಕ್ಕದಲ್ಲಾ? ನಿಮ್ಮ ಯಜಮಾನರು ಹೋದ ಹಾಗೆ ನೀವೂ—"

"ನಾ ಗಾಡಿಗೆ ಮಾರಿ ಮಾಡಿ ನಡೀತೀನ್ರಿ. ಬೆನ್ನು ಮಾಡಂಗಿಲ್ಲ."

ಆಕೆಯ ಮೊಮ್ಮಗಳು ಆರತಿ ಹಡಪಸರದ ಶಾಲೆಯಲ್ಲಿ ಹತ್ತನೆಯ ತರಗತಿ. ಹಾಲ್ಟಿನ ಗೋಡೆಗೆ ಅಂಟಿಸಿದ್ದ ನೋಟೀಸಿನ ಫೋಟೋ ತೆಗೆದು ಅವಳೇ ಕಳಿಸಿದಳು. ದಿನದ ಸರಾಸರಿ ಪ್ರಯಾಣಿಕರು ಹನ್ನೊಂದು. ಆದ್ದರಿಂದ ಕುಸಳಮಾಳದ ನಿಲುಗಡೆ ರದ್ದು. ಕೆಳಗೆ ಒಂದು ಸಹಿ, ಓದಲು ಬಾರದ್ದು.

"ಆರತೀದು ಮಾರ್ಚಿನ್ಯಾಗ ಪರೀಕ್ಷಾ ಅದ. ಆಕಿ ಸಾಲಿ ಬಿಟ್ಲು ಅಂದ್ರ ಮುಗೀತು, ಸೊಸಿ ಲಗ್ನದ ಮಾತು ತಗೀತಾಳ" ಎಂದಳು ಸಾವಂತ್ರವ್ವ. ಮಾಯಾಳಿಗೆ ಗಂಜಿ ತಿನ್ನಿಸುತ್ತಿದ್ದ ಕೈ ನಿಲ್ಲಲಿಲ್ಲ, ಧ್ವನಿಯೂ ಏರಲಿಲ್ಲ. ಏರಿದ್ದು ನನ್ನದು.

"ಖರೇ ಹೇಳಿ, ಎಷ್ಟು ಜನ ಹತ್ತುತ್ತೀರಿ?"

ಆಕೆ ಮನೆಮನೆಯ ಹೆಸರು ಹಿಡಿದು ಬೆರಳು ಮಡಿಸಿದಳು. "ನೂರಾ ಮೂವತ್ತರ ಆಗ್ತಾವ್ರಿ."

ನೂರಾ ಮೂವತ್ತು ಜನರನ್ನು ಹನ್ನೊಂದು ಎಂದು ಬರೆಯಲು ಎಷ್ಟು ಧೈರ್ಯ ಬೇಕು! ನನ್ನ ಗಂಡ ಅಮರ ಎಂದಿನಂತೆ, "ಮೊದಲು ಸ್ವಲ್ಪ ನೀರು ಕುಡಿ" ಎಂದ. ನಾನು ನೀರು ಕುಡಿಯದೆ ಅರ್ಜಿ ಬರೆದೆ. ಆರತಿ ಅರವತ್ತು ಮನೆ ತಿರುಗಿ ಸಹಿ, ಹೆಬ್ಬೆಟ್ಟು ತಂದಳು. ಅವನ್ನು ಹಿಡಿದು ರೈಲ್ವೆ ಕಚೇರಿಗೆ ಹೋದರೆ ಅಲ್ಲಿನ ಗುಮಾಸ್ತರು ಮರಾಠಿಯಲ್ಲಿ, ತೀರ ತಾಳ್ಮೆಯಿಂದ ಹೇಳಿದರು: "ಮೇಡಂ, ನಮ್ಮ ಮನುಷ್ಯ ಏಳು ದಿನ ಅಲ್ಲೇ ಕುರ್ಚಿ ಹಾಕಿ ಕುಳಿತು ಎಣಿಸಿದ್ದಾನೆ. ಅರ್ಜಿಗೆ ಯಾರು ಬೇಕಾದರೂ ಹೆಬ್ಬೆಟ್ಟು ಒತ್ತುತ್ತಾರೆ." ಹಾಗಾದರೆ ಇವರ ಮಾಸಿಕ ಪಾಸು ನೋಡಿ ಎಂದೆ. ಪಾಸುಗಳೆಲ್ಲ ಹಡಪಸರದಲ್ಲಿ ಮಾಡಿಸಿದ್ದು, ಕುಸಳಮಾಳದ ಲೆಕ್ಕಕ್ಕೆ ಬರುವುದಿಲ್ಲ ಎಂದರು. ಮೂರು ಸಲ ಹೋದೆ. ಮೂರನೆಯ ಸಲ ಮಾಯಾಳನ್ನೂ ಎತ್ತಿಕೊಂಡು ಹೋದೆ, ಅವಳು ಅವರ ಮೇಜಿನ ಮೇಲೆ ಹಾಲು ಕಕ್ಕಿದಳು. ಕೊನೆಗೆ, ಬರುವ ಗುರುವಾರ ಬೆಳಿಗ್ಗೆ ಗಾಡಿ ನಿಲ್ಲಿಸಿ ಇನ್ನೊಮ್ಮೆ ಎಣಿಸುತ್ತೇವೆ ಎಂದರು. ಒಂದೇ ದಿನ.

ಆ ಭಾನುವಾರ ಅಮರನ ಕಾರಿನಲ್ಲಿ ನಾವು ಕುಸಳಮಾಳಕ್ಕೆ ಹೋದೆವು. ಸಿಮೆಂಟಿನ ಪ್ಲಾಟ್‌ಫಾರ್ಮು, ಹೆಸರಿನ ಹಲಗೆ, ಬೇವಿನ ಮರದ ಕೆಳಗೆ ಒಂದು ಬೆಂಚು. ಆ ಬೆಂಚು ಇನ್ನೂ ಹೊಸದರಂತಿತ್ತು.

"ನೀವು ಎಲ್ಲಿ ನಿಲ್ಲುತ್ತೀರಿ?" ಎಂದು ಕೇಳಿದೆ.

"ಬರ್ರಿ ತೋರಸ್ತೀನಿ" ಎಂದು ಸಾವಂತ್ರವ್ವ ಹಳಿ ದಾಟಿಸಿ ಆಚೆ ಬದಿಗೆ ಕರೆದೊಯ್ದಳು. ಜಲ್ಲಿಯ ಕೆಳಗೆ, ಹುಲ್ಲಿನ ನಡುವೆ, ಕಾಲು ತುಳಿದು ತುಳಿದು ಬರಿದಾದ ಉದ್ದನೆಯ ನೆಲ. ಅಲ್ಲಲ್ಲಿ ಹಳಿಯ ಕೆಳಗೆ ಹಾಸುವ ಹಳೆಯ ಮರದ ಸ್ಲೀಪರಿನ ತುಂಡುಗಳು, ಬೋಗಿಯ ಬಾಗಿಲಿಗೆ ಮೆಟ್ಟಿಲಾಗಲೆಂದು ಇಟ್ಟದ್ದು.

"ಇಲ್ಲಿಂದ. ಈ ಕಡಿ ಬಾಗಿಲಿನ್ಯಾಗ ಹತ್ತತೀವಿ."

ನನಗೆ ಆಗ ಹೊಳೆಯಿತು. ಎಣಿಸುವವನು ಪ್ಲಾಟ್‌ಫಾರ್ಮಿನ ಮೇಲೆ ಕುರ್ಚಿ ಹಾಕಿದ್ದ. ನಡುವೆ ಇಡೀ ಗಾಡಿ. ಅವನಿಗೆ ಕಂಡದ್ದು ಪಕ್ಕದ ಹಳ್ಳಿಯಿಂದ ಬೈಕಿನಲ್ಲಿ ಬಂದು ಹತ್ತುವ ಹನ್ನೊಂದು ಜನ.

"ಅವನು ಕುಳಿತದ್ದು ನಿಮಗೆ ಕಂಡಿತ್ತಲ್ಲವಾ?"

"ಕಂಡಿತ್ರಿ. ಚಾ ಭೀ ಕೊಟ್ವಿ. ಪ್ಯಾಸೆಂಜರ್ ಎಣಸ್ತೀನಿ ಅಂದ. ನಾವೇನು ಪ್ಯಾಸೆಂಜರ್ ಅಲ್ಲಲ್ಲ" ಎಂದವನು ಶಂಕ್ರೆಪ್ಪ. ಹಳಿಯ ಗ್ಯಾಂಗಿಗೆ ಮೇಟ್, ಅಂದರೆ ಮೇಸ್ತ್ರಿ, ಆಗಿ ನಿವೃತ್ತನಾದ ಮುದುಕ, ಈಗ ಹಡಪಸರದಲ್ಲಿ ಒಂದು ಗೋದಾಮಿನ ಗೇಟು ಕಾಯುತ್ತಾನೆ. "ನಾವು ಲೈನ್ ಮಂದಿ ಅವ್ವಾರ. ಫಲಾಟ ಪ್ಯಾಸೆಂಜರ್ ಮಂದೀದು" ಎಂದು ಪ್ಲಾಟ್‌ಫಾರ್ಮಿನ ಕಡೆ ಕೈ ತೋರಿಸಿದ.

ನಾನು ಕೂಗಾಡಿದೆನೆಂದು ಅಮರ ಹೇಳುತ್ತಾನೆ. ನನಗೆ ನೆನಪಿಲ್ಲ. ಹಾಲ್ಟಿಗೆ ಒಂದೇ ಪ್ಲಾಟ್‌ಫಾರ್ಮು, ಅದು ಕೆಲವರದ್ದು ಹೇಗಾಗುತ್ತದೆ ಎಂದು ಕೇಳಿದ್ದು ನೆನಪಿದೆ. ಸಾವಂತ್ರವ್ವ ಮಾಯಾಳನ್ನು ಸೊಂಟ ಬದಲಿಸಿ ಎತ್ತಿಕೊಂಡು ಹೇಳಿದಳು.

ಆಕೆ ಹದಿನೈದು ವರ್ಷದ ಮದುವಣಗಿತ್ತಿಯಾಗಿ ಬಂದ ವರ್ಷವೇ ಆ ಪ್ಲಾಟ್‌ಫಾರ್ಮು ಎದ್ದದ್ದು. ಅತ್ತೆ ಮಹದೇವಮ್ಮ ಬುಟ್ಟಿಯಲ್ಲಿ ಮಣ್ಣು ಹೊತ್ತವಳು, ಹದಿನೆಂಟೂ ಮನೆಯ ಹೆಂಗಸರು ಹೊತ್ತವರು. ಕೆಲಸ ಮುಗಿದ ಮರುದಿನ ಅತ್ತೆ ಸೊಸೆ ಅದರ ಮೇಲೆ ಕುಳಿತು ರೊಟ್ಟಿಯ ಗಂಟು ಬಿಚ್ಚಿದ್ದರು. ತನಿಖೆಗೆ ಬಂದ ಸಾಹೇಬನೊಬ್ಬ ಎಲ್ಲರೆದುರು ಕೂಗಿದ: ಕೆಲಸ ಮುಗಿಯಿತಲ್ಲ, ಇನ್ನೇನು ಇಲ್ಲಿ? ಇದು ಪ್ಯಾಸೆಂಜರ್ ಜನರ ಜಾಗ. ಇಳಿ ಕೆಳಗೆ!

"ಇಳಿ ಅಂದ್ರು, ಇಳದ್ವಿ" ಎಂದ ಶಂಕ್ರೆಪ್ಪ. "ಹದಿನೆಂಟೂ ಮನಿ ಇಳದ್ವಿ. ಹತ್ತು ಅಂತ ಇನ್ನಾ ಯಾರೂ ಅಂದಿಲ್ಲ."

ನಲವತ್ತು ವರ್ಷ! ಮೊದಮೊದಲು ಅವಮಾನ, ಆಮೇಲೆ ಹಟ, ಆಮೇಲೆ ಅದೇ ಊರಿನ ರೀತಿಯಾಗಿದೆ. ಹೊಸ ಸೊಸೆ ಬಂದರೆ ಮೊದಲು ಕಲಿಸುವುದೇ ಇದು, ಯಾವ ಸ್ಲೀಪರಿನ ಮೇಲೆ ಕಾಲಿಟ್ಟು ಯಾವ ಕೈಯಲ್ಲಿ ಸರಳು ಹಿಡಿಯಬೇಕೆಂದು. ಮರೆತು ಪ್ಲಾಟ್‌ಫಾರ್ಮಿನ ಕಡೆ ಹೋದವರನ್ನು, "ಏನಪಾ ಸಾಹೇಬ, ಪ್ಯಾಸೆಂಜರ್ ಆದಿ ಏನು?" ಎಂದು ವರ್ಷಗಟ್ಟಲೆ ಕಾಡುತ್ತಾರೆ. ಬಸುರಿಯರೂ ಅಲ್ಲಿಂದಲೇ ಹತ್ತಿದ್ದಾರೆ. ನನ್ನ ಮಗುವನ್ನು ಎತ್ತಿಕೊಳ್ಳುವ ಈ ಹೆಂಗಸು ದಿನಾ ಎದೆಮಟ್ಟದ ಬಾಗಿಲಿಗೆ ಜೋತುಬಿದ್ದು ಹತ್ತುತ್ತಾಳೆಂದು ನನಗೆ ತಿಳಿದದ್ದು ಅಂದೇ. ಬೈದ ಸಾಹೇಬನ ಹೆಸರು ಯಾರಿಗೂ ಗೊತ್ತಿಲ್ಲ. ಅವನು ಅಂದೇ ಮರೆತಿರುತ್ತಾನೆ.

"ಗುರುವಾರ ಎಲ್ಲರೂ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಬೇಕು. ಇಲ್ಲದಿದ್ದರೆ ಮತ್ತೆ ಹನ್ನೊಂದೇ" ಎಂದೆ.

"ಗಾಡಿ ಹೋದ್ರ ಹೋಗಲಿ" ಎಂದ ಶಂಕ್ರೆಪ್ಪ. "ನಲವತ್ತು ವರ್ಷದ ಮಾನ ಒಂದು ಗಾಡಿಗಿ ಬಿಡ್ಲೇನು? ಸಾವಂತ್ರವ್ವಾ, ಆ ಸಾಹೇಬ ಇಳಿಸಿದ್ದು ನಿಮ್ಮತ್ತೀನ ಅಲ್ಲೇನು? ನೀ ಹತ್ತತೀ?"

ಸಾವಂತ್ರವ್ವ ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತಿದ್ದ ಆರತಿಯ ಕಡೆ ಒಮ್ಮೆ ನೋಡಿದಳು, ಅಷ್ಟೇ. ಸೋಮವಾರದಿಂದ ಬುಧವಾರದ ತನಕವೂ ಅದೇ ಕ್ರಮ: ನಡೆದು ಬರುವುದು, ಮುಳ್ಳು ಆರಿಸುವುದು, ಚಿಲಕ ಜಗ್ಗುವುದು. ನಾನು ಕೇಳಿದರೆ, "ನೋಡೋಣ್ರಿ ಅವ್ವಾರ."

ಗುರುವಾರ ಚಳಿ ಇತ್ತು. ಮಾಯಾಳಿಗೆ ಮೂರು ಸ್ವೆಟರು ತೊಡಿಸಿ ನಾವು ಆರೂವರೆಗೆ ತಲುಪಿದೆವು. ಬೆಂಚಿನ ಪಕ್ಕ ಕುರ್ಚಿ, ಕುರ್ಚಿಯಲ್ಲಿ ವಹಿ ಹಿಡಿದ ಮನುಷ್ಯ. ಹಳಿಯ ಆಚೆ ಇಡೀ ಊರು, ಜಲ್ಲಿಯ ಕೆಳಗೆ, ಎಂದಿನ ಜಾಗದಲ್ಲಿ, ತಲೆಗೆ ಶಾಲು ಸುತ್ತಿಕೊಂಡು ಸುಮ್ಮನೆ ನಿಂತಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಹನ್ನೊಂದು ಜನ. ನನಗೆ ಅಳು ಬಂತು. ಸಿಟ್ಟಿಗೆ ನನಗೆ ಅಳುವೇ ಬರುವುದು.

ದೂರದಲ್ಲಿ ಗಾಡಿಯ ದೀಪ ಕಂಡಿತು. ಆಗ ಸಾವಂತ್ರವ್ವ ಆ ಗುಂಪಿನಿಂದ ಹೊರಬಂದು ಹಳಿ ದಾಟಿದಳು. ಪ್ಲಾಟ್‌ಫಾರ್ಮಿನ ಇಳಿಜಾರಿನ ಬುಡದಲ್ಲಿ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದಳು. ಮೇಲೆ ಬಂದು, ಆಚೆಗೆ ಮುಖ ಮಾಡಿ ನಿಂತು, ನಾನು ಆಕೆಯ ಬಾಯಲ್ಲಿ ಎಂದೂ ಕೇಳದಷ್ಟು ಜೋರಾಗಿ ಕೂಗಿದಳು:

"ಇಳಿಸಿದ್ದು ನಮ್ಮತ್ತೀನ. ಹತ್ತು ಅನ್ನೋ ಮಾತು ನನಗ ಸೇರಿದ್ದು. ಅಂತೀನಿ ನೋಡ್ರಿ. ಹತ್ತರಿ!"

ಮೊದಲು ಆರತಿ ಓಡಿಬಂದಳು. ಆಮೇಲೆ ಹೆಂಗಸರು, ಆಮೇಲೆ ಮಂಡಿಯ ಗಂಡಸರು, ಬುಟ್ಟಿ, ಡಬ್ಬಿ, ಚೀಲಗಳೊಂದಿಗೆ. "ಸರೀರಿ ಸಾಹೇಬ್ರ, ಪ್ಯಾಸೆಂಜರ್ ಬಂದ್ವಿ!" ಎಂದು ಯಾರೋ ಕಿರುಚಿದರು, ನಗು ಎದ್ದಿತು. ಕುರ್ಚಿಯ ಮನುಷ್ಯ ಎದ್ದು ನಿಂತು ಎಣಿಸಬೇಕಾಯಿತು, ಕುರ್ಚಿಗೆ ಜಾಗವಿರಲಿಲ್ಲ. ಅವನು ಬರೆದದ್ದನ್ನು ನಾನು ಅವನ ಭುಜದ ಮೇಲಿಂದ ಬಗ್ಗಿ ನೋಡಿದೆ. ನೂರಾ ನಲವತ್ತಾರು.

ಮರುದಿನ ಸಾವಂತ್ರವ್ವನನ್ನು ಬೈದೆ: ಚಪ್ಪಲಿ ಯಾಕೆ ಬಿಟ್ಟಿರಿ, ಯಾರಿಗೆ ಹೆದರಿ? ಆಕೆ ಮಾಯಾಳ ಮೂಗು ಒರೆಸುತ್ತ, "ಅಂಜಿ ಅಲ್ರಿ. ನಮ್ಮತ್ತಿ ಹೊತ್ತ ಮಣ್ಣದು, ಅದಕ" ಎಂದಳು.

ಮೂರು ವಾರಕ್ಕೆ ಗಾಡಿ ಮತ್ತೆ ನಿಲ್ಲತೊಡಗಿತು. ಆರತಿ ಪರೀಕ್ಷೆ ಬರೆಯುತ್ತಿದ್ದಾಳೆ. ಆದೇಶದ ಕಾಗದ ನನ್ನ ಬಳಿ ಇದೆ. ಅದರಲ್ಲಿ ಬರೆದಿದ್ದಾರೆ: ಕುಸಳಮಾಳದಲ್ಲಿ ಪ್ರಯಾಣಿಕರ ಸಂಖ್ಯೆ ಇತ್ತೀಚೆಗೆ ಗಣನೀಯವಾಗಿ ಹೆಚ್ಚಿರುವುದರಿಂದ ನಿಲುಗಡೆಯನ್ನು ಆರು ತಿಂಗಳ ಮಟ್ಟಿಗೆ ಮುಂದುವರಿಸಲಾಗಿದೆ. ಇತ್ತೀಚೆಗೆ ಹೆಚ್ಚಿದೆಯಂತೆ! ನಮ್ಮಿಂದ ತಪ್ಪಾಯಿತು ಎಂಬ ಎರಡು ಪದಕ್ಕೆ ಆ ಕಾಗದದಲ್ಲಿ ಜಾಗ ಸಿಗಲಿಲ್ಲ.

ಆರು ತಿಂಗಳಾದ ಮೇಲೆ ಮತ್ತೆ ಎಣಿಸಲು ಬರುತ್ತಾರೆ. ಬರಲಿ. ಈಗಲೇ ಹೇಳಿಬಿಡುತ್ತೇನೆ, ಅವರ ಲೆಕ್ಕದಲ್ಲಿ ಒಬ್ಬ ಕಡಿಮೆ ಬೀಳುತ್ತಾನೆ. ಶಂಕ್ರೆಪ್ಪ ಇಂದಿಗೂ ಆಚೆ ಬದಿಯಿಂದಲೇ ಹತ್ತುತ್ತಾನೆ. ಸಾವಂತ್ರವ್ವ ಬೋಗಿಯೊಳಗಿಂದ ಆ ಬಾಗಿಲಿಗೆ ಹೋಗಿ, ಬೈಯುತ್ತಲೇ, ಅವನಿಗೆ ಕೈ ಕೊಡುತ್ತಾಳಂತೆ. ಎಣಿಸುವವರು ಕುರ್ಚಿಯಿಂದ ಎದ್ದು, ಆ ಕಡೆಯ ಬಾಗಿಲಿಗೂ ಒಮ್ಮೆ ಹೋಗಿ ನೋಡಲಿ.